ಆಕೆ ಸುತ್ತಿದ ಜೋಡಿ ಸುರುಳಿ

ಇಚಲಕರಂಜಿಯಲ್ಲಿ ನನ್ನದು ಮೋಟಾರು ಸುತ್ತುವ ಅಂಗಡಿ. ಪವರ್‌ಲೂಮಿನ ಮಗ್ಗಗಳ ಸುಟ್ಟ ಮೋಟಾರುಗಳನ್ನು ತಂದು ಹಾಕುತ್ತಿದ್ದರು. ಹಳೆಯ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷು ಕುಡಿಸಿ, ಒಣಗಿಸಿ ಕೊಡುತ್ತಿದ್ದೆ. ಅರವತ್ತರ ದಶಕದ ನಡುವಿನ ಮಾತಿದು. ಊರಿನ ಯಾವ ಗಲ್ಲಿ ಹೊಕ್ಕರೂ ಮಗ್ಗದ ಸದ್ದೇ, ಹಾಗಾಗಿ ಕೆಲಸಕ್ಕೆ ಬರವಿರಲಿಲ್ಲ. ನಮ್ಮದು ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರದ ಮನೆತನ. ಅಣ್ಣಂದಿರೆಲ್ಲ ತಕ್ಕಡಿ ಹಿಡಿದು ಕೂತಾಗ ನಾನೊಬ್ಬನೇ ಊರು ಬಿಟ್ಟು ಬಂದು ಕರೆಂಟಿನ ಕೆಲಸ ಕಲಿತಿದ್ದೆ. ಆ ಹಮ್ಮು ನನ್ನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ಹೆಂಡತಿ ಕುರುಂದವಾಡದವಳು. ಕನ್ನಡ ನಾಲ್ಕನೇ ಇಯತ್ತೆ ಕಲಿತಿದ್ದಳು. ಮದುವೆಯಾಗಿ ಬಂದ ವರ್ಷವೇ ಪಕ್ಕದ ಮನೆಯವರ ಮಗ್ಗಕ್ಕೆ ಕಂಡಿಕೆ ಸುತ್ತುವುದನ್ನು ಕಲಿತಳು. ಕಂಡಿಕೆಯೆಂದರೆ ಲಾಳಿಯೊಳಗೆ ಕೂರುವ ನೂಲಿನ ಕೊಳವೆ. ಅಡಿಗೆ ಮುಗಿಸಿ, ಹಿತ್ತಲ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತರೆ ಒಂದು ಕೈ ಗಾಲಿ ತಿರುಗಿಸುತ್ತಿತ್ತು, ಇನ್ನೊಂದು ಕೈಯ ಎರಡು ಬೆರಳ ನಡುವೆ ನೂಲು ಓಡುತ್ತಿತ್ತು. ಹೊತ್ತು ಹೋಗಲಿಕ್ಕೆ ಹೆಂಗಸರು ಮಾಡುವ ಕೆಲಸ ಅಂತ ನಾನು ಅದನ್ನು ಗಮನಿಸಿ ನೋಡಿದವನೇ ಅಲ್ಲ.

ಒಂದು ದಿನ ಬೆಳಿಗ್ಗೆ ಕೊಲ್ಲಾಪುರದಿಂದ ಒಬ್ಬರು ಅಂಗಡಿಗೆ ಬಂದರು. ನಲವತ್ತರ ಆಸುಪಾಸು, ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುವವರು, ಸಿನಿಮಾ ಸ್ಟುಡಿಯೋದಲ್ಲೂ ಕರೆದಾಗ ಹೋಗಿ ಬಾರಿಸುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ತಾಯಿಯ ತವರು ಮಹಾಗಾಂವವಾದ್ದರಿಂದ ಕನ್ನಡ ಬರುತ್ತಿತ್ತು, ಆದರೆ ಎರಡು ಮಾತಿಗೊಮ್ಮೆ ಮರಾಠಿಗೆ ಹೊರಳುತ್ತಿದ್ದರು.

ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಅರಿವೆಯಲ್ಲಿ ಸುತ್ತಿದ, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದನೆಯ ಒಂದು ಲೋಹದ ಪೆಟ್ಟಿಗೆ.

“ಇದಕ್ಕ ಪಿಕಪ್ ಅಂತಾರ. ಗಿಟಾರದ ತಂತಿ ಅಲಗಾಡಿದ್ದನ್ನ ಕರೆಂಟ್ ಮಾಡಿ ಸ್ಪೀಕರಿಗೆ ಕಳಸೋದು ಇದ. ಪರದೇಶದ್ದು. ಮುಂಬೈದಾಗ ಒಬ್ಬ ಗೋವಾದಾಂವ ಕೊಟ್ಟಾನ. ಒಳಗ ಎರಡು ಸುರುಳಿ ಅದಾವ, ಒಂದು ಸತ್ತೈತಿ.”

“ಎರಡ್ಯಾಕ್ರಿ ಮಾಸ್ತರ? ಒಂದ ಇದ್ರ ಆಗೂದಿಲ್ಲೇನು?”

“ಒಂದ ಇದ್ದದ್ದು ನನ್ನ ಹಳೇ ಗಿಟಾರಕ್ಕ ಐತಲ್ಲ. ಸ್ಟೇಜಿನ ದೀಪಾ ಹಚ್ಚಿದ್ರ ಸಾಕು, ಗುಂಯ್ ಅಂತ ಕಣಜೀರಗಿ ಹುಳ ಹೊಕ್ಕಂಗ ಆಗತೈತಿ. ಇದರಾಗ ಒಂದು ಸುರುಳಿ ಹಿಡದ ಗುಂಯ್ಯನ್ನ ಇನ್ನೊಂದು ಉಲ್ಟಾ ಹಿಡದು ಅಳಸತೈತಿ. ಹಂಬಕರ್ ಅಂತ ಇದರ ಹೆಸರು. ಆದ್ರ ಎರಡೂ ಸುರುಳಿ ಸರಿಸಮ ಇರಬೇಕು ನೋಡ್ರಿ. ಒಂದು ಹೆಚ್ಚು ಒಂದು ಕಡಿಮಿ ಆದ್ರ ಅಳಸೂದಿಲ್ಲ.”

ಕೊಲ್ಲಾಪುರದ ರೇಡಿಯೋದವರೆಲ್ಲ ಆಗುವುದಿಲ್ಲ ಅಂದಿದ್ದರಂತೆ. ಅದನ್ನು ಕೇಳಿದ ಕೂಡಲೇ ನನಗೆ ಎಲ್ಲಿಲ್ಲದ ಉಮೇದು ಬಂತು. “ಹತ್ತು ಹಾರ್ಸ್‌ಪವರಿನ ಮೋಟಾರ ಸುತ್ತತೇನಿ, ಇದೇನ್ರಿ ಮಾಸ್ತರ. ಬರೂ ರವಿವಾರ ಬಂದು ಒಯ್ರಿ,” ಅಂದುಬಿಟ್ಟೆ.

ಅವರು ಹೋದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಪಕ್ಕಪಕ್ಕದಲ್ಲಿ ಎರಡು ಸಣ್ಣ ಬಾಬಿನ್ನು, ಕೆಳಗೊಂದು ಅಯಸ್ಕಾಂತದ ಪಟ್ಟಿ. ಬಾಬಿನ್ನಿಗೆ ಸುತ್ತಿದ್ದ ತಂತಿ ತಲೆಗೂದಲಿಗಿಂತ ತೆಳುವಾಗಿತ್ತು. ಒಂದೊಂದರ ಮೇಲೆ ಐದೈದು ಸಾವಿರ ಸುತ್ತು. ಮೋಟಾರಿನ ತಂತಿಯನ್ನು ನಾವು ಮೊಣಕೈ ಬಲ ಹಾಕಿ ಎಳೆದು ಕೂರಿಸುತ್ತೇವೆ. ಅದೇ ಕೈ ಇಲ್ಲಿ ಹಾಕಿದೆ. ಇನ್ನೂರು ಸುತ್ತಿಗೆ ಪಟ್ಟೆಂದಿತು. ಮತ್ತೆ ಹಾಕಿದೆ, ನಾನೂರಕ್ಕೆ ಹೋಯಿತು. ನಾಲ್ಕು ದಿನ ಹೀಗೇ. ಮಾಸ್ತರು ಮುಂಬೈಯಿಂದ ತಂದುಕೊಟ್ಟಿದ್ದ ತಂತಿಯ ರೀಲು ಅರ್ಧಕ್ಕೆ ಬಂತು, ರವಿವಾರ ಹತ್ತಿರವಾಯಿತು, ನಾನು ಮನೆಯಲ್ಲಿ ಊಟದ ತಾಟಿನ ಮುಂದೆಯೂ ಸಿಡಿಮಿಡಿ ಮಾಡತೊಡಗಿದೆ.

ಶುಕ್ರವಾರ ಮಧ್ಯಾಹ್ನ ಹೆಂಡತಿ ಬುತ್ತಿ ತಂದವಳು ನನ್ನ ಹಿಂದೆ ಸ್ವಲ್ಪ ಹೊತ್ತು ನಿಂತು ನೋಡಿದಳು.

“ನೀವು ಜಗ್ಗಾಕತ್ತೀರಿ. ಅದು ಬೇಡಿದಷ್ಟ ಕೊಡಬೇಕ್ರಿ ಅದಕ್ಕ.”

“ಇದು ನೂಲಲ್ಲ, ತಾಮ್ರ.”

“ತಾಮ್ರ ಇದ್ರೇನಾತ್ರಿ, ಎಳಿ ಎಳೀನ. ಕೊಡ್ರಿ ಇಲ್ಲೆ.”

ಹೇಗೂ ಕೆಟ್ಟದ್ದೇ ಅಂತ ಕೊಟ್ಟೆ. ಮನೆಗೆ ಒಯ್ದು ರಾಟಿಯ ಕದಿರಿಗೆ ಬಾಬಿನ್ನು ಸಿಕ್ಕಿಸಿದಳು. ಸುತ್ತು ಲೆಕ್ಕಕ್ಕೆ ಮಗ್ಗದ ಹೊಡೆತ ಎಣಿಸುವ ಡಬ್ಬಿಯೊಂದನ್ನು ನಾನೇ ಜೋಡಿಸಿಕೊಟ್ಟೆ. ಈ ಕೆಲಸದಲ್ಲಿ ನನ್ನ ಪಾಲು ಅಂತ ಹೇಳಿಕೊಳ್ಳಬಹುದಾದದ್ದು ಅದೊಂದೇ. ಹಳೆಯ ಇಳಕಲ್ ಸೀರೆಯ ಸೆರಗಿನ ಚೂರನ್ನು ಬೆರಳಿಗೆ ಸುತ್ತಿಕೊಂಡು, ಅದರ ಮಡಿಕೆಯಲ್ಲಿ ತಂತಿ ಹಾಯಿಸಿ, ಗಾಲಿ ತಿರುಗಿಸಿದಳು. ಉಸಿರನ್ನೂ ನಿಧಾನಕ್ಕೆ ಬಿಡುತ್ತಿದ್ದಳು. ಐದು ಸಾವಿರ ಸುತ್ತು ಒಂದೇ ಎಳೆಯಲ್ಲಿ ಬಂತು.

ನಾನು ಕುಣಿದಾಡುವುದೊಂದು ಬಾಕಿ. ಆಕೆ ಮಾತ್ರ ಹೊಸ ಸುರುಳಿಯನ್ನೂ ಕೆಡದೆ ಉಳಿದಿದ್ದ ಪರದೇಶದ ಸುರುಳಿಯನ್ನೂ ಎರಡೂ ಅಂಗೈಯಲ್ಲಿಟ್ಟು ನೋಡಿದಳು. “ಇವು ಜೋಡಿ ಅಲ್ಲ. ಅದರ ಮೈ ಬಿಗಿ ಐತಿ, ನಂದು ಸಡ್ಲ. ಎರಡೂ ಒಂದ ಕೈಯಾಗ ಆಗಬೇಕ್ರಿ,” ಅಂದಳು. ಮೀಟರು ಹಚ್ಚಿ ನೋಡಿದೆ. ಆಕೆ ಹೇಳಿದ್ದು ಖರೆ ಇತ್ತು, ಎರಡರ ಅಳತೆಯೂ ಬೇರೆ. ಮರುದಿನ ಒಂದೇ ಕೂತಿನಲ್ಲಿ ಮೂರು ಸುರುಳಿ ಸುತ್ತಿದಳು. ಮೂರಕ್ಕೂ ಮೀಟರು ಹಚ್ಚಿದೆವು. ಎರಡರಲ್ಲಿ ಮುಳ್ಳು ಒಂದೇ ಗೆರೆಯ ಮೇಲೆ ನಿಂತಿತು. ಆ ಎರಡನ್ನು ಜೋಡಿ ಮಾಡಿದೆವು.

ರವಿವಾರ ಮಾಸ್ತರು ಗಿಟಾರು, ಸಣ್ಣ ಆಂಪ್ಲಿಫೈಯರು ಎರಡನ್ನೂ ತಂದರು. ಅಂಗಡಿಗೆ ರಜೆ, ಮನೆಯಲ್ಲೇ ಕೂತರು. ಪಿಕಪ್ಪು ಕೂರಿಸಿ ಸ್ವಿಚ್ಚು ಹಾಕಿದರೆ ಸದ್ದೇ ಇಲ್ಲ. ಕೆಟ್ಟಿದೆಯೆಂದೇ ಅವರು ತಿಳಿದರು. ತಂತಿ ಮೀಟಿದರೆ ಸ್ವರ ತುಂಬಿಕೊಂಡು ಬಂತು. ಕೈ ತೆಗೆದರೆ ಮತ್ತೆ ನಿಶ್ಶಬ್ದ. ಗೋಡೆಯಾಚೆಗೆ ಪಕ್ಕದವರ ಮಗ್ಗದ ಮೋಟಾರು ತಿರುಗುತ್ತಿತ್ತು, ಆದರೂ ಸ್ಪೀಕರಿನಲ್ಲಿ ಅದರ ಗುಂಯ್ ಇರಲಿಲ್ಲ. ಮಾಸ್ತರು ಒಂದು ಭಜನೆಯ ಧಾಟಿ ಬಾರಿಸಿದರು. ಅದು ಮುಗಿದ ಮೇಲೆ ನನ್ನ ಬಲಗೈ ಹಿಡಿದು ಬೆರಳುಗಳನ್ನು ತಿರುವಿ ತಿರುವಿ ನೋಡಿದರು.

“ಕಾಯ್ ಹಾತ್ ಆಹೇ, ಮಿಸ್ತ್ರಿ! ಎಂಥಾ ಕೈ ರೀ ಇದು! ಮೋಟಾರ ಸುತ್ತಿ ಸುತ್ತಿ ಒರಟಾದ ಬಟ್ಟು, ಅದರಾಗ ಇಂಥಾ ನಾಜೂಕು ಕೆಲಸ?”

ಆಗ ಆಕೆ ಚಹಾ ತಂದು ಬಾಗಿಲಲ್ಲಿ ನಿಂತಿದ್ದಳು. ಹೇಳಬಹುದಿತ್ತು. ‘ನಂದಲ್ರಿ, ಇಕಿದು’ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ನಕ್ಕೆ. ನಕ್ಕು ಅಷ್ಟಕ್ಕೇ ಬಿಟ್ಟಿದ್ದರೂ ಬೇರೆ ಮಾತಾಗಿತ್ತು. “ಜಗ್ಗಬಾರದ್ರಿ ಮಾಸ್ತರ, ಬೇಡಿದಷ್ಟ ಕೊಡಬೇಕು ತಂತಿಗೆ,” ಅಂತ ಆಕೆಯ ಮಾತನ್ನೇ ನನ್ನದು ಮಾಡಿ ಹೇಳಿದೆ. ಮಾಸ್ತರು ತಲೆದೂಗಿದರು. ಆಕೆ ಚಹಾದ ಬಸಿ ಕೆಳಗಿಟ್ಟು ಒಳಗೆ ಹೋದಳು. ಅವರು ಹೋದ ಮೇಲೆ “ಚಂದ ಬಾರಸಿದ್ರು” ಅಂದಳು, ಅಷ್ಟೇ.

ಅಲ್ಲಿಂದ ಮುಂದೆ ಕೊಲ್ಲಾಪುರ, ಸಾಂಗಲಿ, ಮಿರಜದ ಆರ್ಕೆಸ್ಟ್ರಾದವರು ಬರತೊಡಗಿದರು. ಸತ್ತ ಪಿಕಪ್ಪು ತಂದವರಿಗೆ ಸುತ್ತಿ ಕೊಟ್ಟೆವು, ಇಲ್ಲದವರಿಗೆ ಹೊಸದಾಗಿ ಮಾಡಿಯೂ ಕೊಟ್ಟೆವು. ನಾನು ಅಯಸ್ಕಾಂತ ಕೂರಿಸುತ್ತಿದ್ದೆ, ಬೆಸುಗೆ ಹಾಕುತ್ತಿದ್ದೆ. ಸುತ್ತುವುದೆಲ್ಲ ಆಕೆಯದು. ಬಂದವರ ಮುಂದೆ ಮಾತ್ರ ‘ನಾ ಸುತ್ತಿದೆ, ನಾ ಜೋಡಿ ಹಚ್ಚಿದೆ’ ಅನ್ನುವುದು ನನ್ನ ಬಾಯಿಗೆ ರೂಢಿಯಾಗಿಹೋಯಿತು. ಹೇಳಿ ಹೇಳಿ ನನಗೇ ಖರೆ ಅನ್ನಿಸತೊಡಗಿತ್ತು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೊಂದು ಶ್ರಾವಣದಲ್ಲಿ ಗಡಹಿಂಗ್ಲಜದಿಂದ ಅಣ್ಣನ ಕಾಗದ ಬಂತು. ಅವ್ವ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು, ಹೆಂಡತಿ ಆರೈಕೆಗೆ ಹೊರಟಳು. ಹೊರಡುವಾಗ ರಾಟಿಯ ಪಕ್ಕದ ಗೂಡಿನಲ್ಲಿದ್ದ ಒಂದೇ ಒಂದು ಸುರುಳಿ ತೋರಿಸಿದಳು.

“ಇದು ಒಂಟಿ ಉಳದೈತಿ. ಇದಕ್ಕ ಯಾವುದೂ ಜೋಡಿ ಹಚ್ಚಬ್ಯಾಡ್ರಿ. ನಾ ಬಂದ ಮ್ಯಾಲೆ ಎರಡೂ ಹೊಸಾದು ಸುತ್ತತೇನಿ.”

ಆಕೆ ಹೋದ ವಾರಕ್ಕೇ ಮಾಸ್ತರು ಬಂದರು. ಕೊಲ್ಲಾಪುರದ ಒಂದು ನಾಟಕಗೃಹದಲ್ಲಿ ಮಧ್ಯಾಹ್ನದ ಕಾರ್ಯಕ್ರಮವಿತ್ತು. ಮುಂಬೈಯಿಂದ ಸಂಗೀತದವರು ಕೆಲವರು ಕೇಳಲಿಕ್ಕೆ ಬರುವವರಿದ್ದರು. ಅವರು ಒಪ್ಪಿದರೆ ಮಾಸ್ತರಿಗೆ ಅಲ್ಲಿ ಕೆಲಸ. ಎರಡನೆಯ ಗಿಟಾರಿಗೂ ಒಂದು ಪಿಕಪ್ಪು ಬೇಕು, ಹತ್ತು ದಿನದೊಳಗೆ.

ಹೆಂಡತಿ ಊರಲ್ಲಿಲ್ಲ, ಆಗುವುದಿಲ್ಲ ಅನ್ನಬೇಕಿತ್ತು. ಹಾಗೆ ಅಂದರೆ ಎರಡು ವರ್ಷದ ಸುಳ್ಳು ಹೊರಗೆ ಬೀಳುತ್ತಿತ್ತು. “ಆತ್ರಿ ಮಾಸ್ತರ,” ಅಂದೆ.

ಆಕೆಯ ರಾಟಿಯ ಮುಂದೆ, ಆಕೆಯದೇ ಸೀರೆಯ ಚೂರು ಬೆರಳಿಗೆ ಸುತ್ತಿಕೊಂಡು ಕೂತೆ. ಎರಡು ಸಾವಿರಕ್ಕೆ ಹರಿಯಿತು. ಬೆಸುಗೆ ಹಾಕಿ ಜೋಡಿಸಿದೆ. ಕಾವಿಗೆ ತಂತಿ ಅರೆಜೀವವಾದದ್ದು ಕಣ್ಣಿಗೆ ಕಾಣುತ್ತಿತ್ತು. ಮೂರೂವರೆ ಸಾವಿರಕ್ಕೆ ರೀಲಿನ ತಂತಿಯೇ ತೀರಿತು. ಹೊಸದು ಮುಂಬೈಯಿಂದ ಬರಲಿಕ್ಕೆ ಹೊತ್ತಿರಲಿಲ್ಲ. ಮೀಟರು ಹಚ್ಚಿದೆ. ಆಕೆ ಬಿಟ್ಟುಹೋದ ಒಂಟಿ ಸುರುಳಿಗೂ ನನ್ನದಕ್ಕೂ ತಾಳೆಯೇ ಇರಲಿಲ್ಲ. ಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ. ಎರಡನ್ನೂ ಜೋಡಿಸಿ, ಮೇಲೆ ತಗಡಿನ ಕವಚ ಹಾಕಿ, ಅದು ಹೊಳೆಯುವಂತೆ ಉಜ್ಜಿ ಕೊಟ್ಟೆ. ಮಾಸ್ತರು ನಂಬಿಕೆಯಿಂದ, ಬಾರಿಸಿಯೂ ನೋಡದೆ ಜೇಬಿಗೆ ಹಾಕಿಕೊಂಡರು.

ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಮೂರನೆಯ ಸಾಲಿನಲ್ಲಿ ಕೂರಿಸಿದರು. ಪರದೆ ಸರಿದು ದೀಪಗಳು ಹತ್ತಿದ್ದೇ ತಡ, ಸ್ಪೀಕರಿನಿಂದ ಗುಂಯ್ ಶುರುವಾಯಿತು. ಮಾಸ್ತರು ಕೈಯಲ್ಲಿದ್ದ ಆ ಎರಡನೆಯ ಗಿಟಾರನ್ನು ಆ ಕಡೆ ಈ ಕಡೆ ತಿರುಗಿಸಿದರು, ಹಣೆ ಒರೆಸಿಕೊಂಡರು. ಹಾಡು ಶುರುವಾದ ಮೇಲೆ ಅದು ಅಷ್ಟಾಗಿ ಕೇಳಿಸಲಿಲ್ಲ. ಆದರೆ ಉಳಿದ ವಾದ್ಯಗಳೆಲ್ಲ ನಿಂತು ಅವರೊಬ್ಬರೇ ಬಾರಿಸುವ ಜಾಗ ಬಂದಾಗ ನಾಲ್ಕು ಸ್ವರ ಕೇಳಿದವು, ಆಮೇಲೆ ಏನೂ ಇಲ್ಲ. ಬೆರಳು ತಂತಿಯ ಮೇಲೆ ಓಡುತ್ತಿವೆ, ಸದ್ದಿಲ್ಲ. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತ್ತು. ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಯಾರೋ ಮರಾಠಿಯಲ್ಲಿ “ಗಿಟಾರ್ ಝೋಪಲಾ!” ಅಂತ ಕೂಗಿದರು, ಗಿಟಾರು ಮಲಗಿತು ಅಂತ. ಇಡೀ ನಾಟಕಗೃಹ ನಕ್ಕಿತು. ಮಾಸ್ತರು ಬಾರಿಸುವುದನ್ನು ನಿಲ್ಲಿಸಿ ತಲೆ ತಗ್ಗಿಸಿ ನಿಂತರು. ಆ ತಗ್ಗಿದ ತಲೆ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ವಿರಾಮದಲ್ಲಿ ಒಳಗೆ ಕರೆಸಿದರು. ಆರ್ಕೆಸ್ಟ್ರಾದ ಯಜಮಾನ ನನ್ನನ್ನು ನೋಡಿದವನೇ ಬೈಯತೊಡಗಿದ. ಏಳೆಂಟು ಜನ ವಾದ್ಯದವರು ಸುತ್ತ ನಿಂತಿದ್ದರು, ಅವರಲ್ಲಿ ಮೂವರಿಗೆ ನಾವೇ ಪಿಕಪ್ಪು ಮಾಡಿಕೊಟ್ಟಿದ್ದೆವು. ಮಾಸ್ತರು ಬೈಯಲಿಲ್ಲ. “ಏನಾತ್ರಿ ಮಿಸ್ತ್ರಿ? ನಿಮ್ಮ ಕೈ ಹೆಂಗ ತಪ್ಪಿತು?” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

“ಇದು ನಾ ಸುತ್ತಿದ್ದಲ್ರಿ ಮಾಸ್ತರ,” ಅಂದೆ. “ಹೇಣತಿ ಸುತ್ಯಾಳ. ಬ್ಯಾಡ ಅಂದ್ರೂ ಕೇಳಲಿಲ್ಲ. ನಾನೂ ನೋಡ್ದ ಕೊಟ್ಟಬಿಟ್ಟೆ.”

ಎರಡು ವರ್ಷದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ಆಕೆಯ ಕೆಲಸದ ಮಾತೆತ್ತಿದ್ದೆ, ಅದೂ ಹೀಗೆ. ಯಜಮಾನ “ಬಾಯಕಾಂಚಾ ಹಾತ್!” ಅಂದ, ಹೆಂಗಸರ ಕೈ, ಇನ್ನೇನಾಗುತ್ತದೆ ಅಂತ. ಕೆಲವರು ನಕ್ಕರು. ನಾನೂ ನಕ್ಕೆ. ಆ ನಗು ಬರೆಯಲಿಕ್ಕೆ ಕೈ ಏಳುವುದಿಲ್ಲ, ಆದರೂ ಬರೆದಿದ್ದೇನೆ.

ಅವ್ವ ಎದ್ದು ಓಡಾಡತೊಡಗಿದಾಗ ಹೆಂಡತಿಯನ್ನು ಕರೆತರಲಿಕ್ಕೆ ಗಡಹಿಂಗ್ಲಜಕ್ಕೆ ಹೋದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಅದೂ ಇದೂ ಮಾತಾಡಿದಳು. ಸಂಕೇಶ್ವರ ದಾಟಿದ ಮೇಲೆ ಕೇಳಿದಳು, “ಮಾಸ್ತರದು ಏನೋ ಕಾರ್ಯಕ್ರಮ ಇತ್ತಂತಲ್ರಿ, ಹೆಂಗಾತು?”

“ಚಲೋ ಆತು,” ಅಂದೆ. ನಿಪ್ಪಾಣಿಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತೆ.

ಮೂರನೆಯ ದಿನ ಮಾಸ್ತರು ಮನೆಗೇ ಬಂದರು. ನಾನು ಅವರನ್ನು ಅಂಗಡಿಯ ಕಡೆ ಕರೆದೊಯ್ಯಲು ನೋಡಿದೆ. ಅವರು ಕೇಳದೆ ಪಡಸಾಲೆಯಲ್ಲಿ ಕೂತು, ಆಕೆಯನ್ನು ಕರೆದರು.

“ತಂಗಿ, ಮನಸಿಗೆ ಹಚ್ಚಿಕೊಬ್ಯಾಡವಾ. ಹೊಸಾ ಕೈ ಅಂದ ಮ್ಯಾಲೆ ತಪ್ಪು ಆಗತಾವ. ನಿನ್ನ ಯಜಮಾನ್ರು ಬೈದ್ರೂ ಅಂಜಬ್ಯಾಡ. ಅವರ ಕಡೆ ನೋಡಿ ಕಲಿ, ಬರತೈತಿ.” ಅಂದು, ಪಿಕಪ್ಪನ್ನು ಆಕೆಯ ಮುಂದಿಟ್ಟರು.

ಆಕೆ ಅದನ್ನು ಎತ್ತಿಕೊಂಡು, ಕವಚ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಸುರುಳಿ ತನ್ನದು. ಇನ್ನೊಂದು ಗಂಟು ಬಿದ್ದು, ಒಂದು ಬದಿ ಉಬ್ಬಿ, ಅರೆಹೊಟ್ಟೆಯಾಗಿ ಕೂತಿದೆ. ಯಾರ ಕೈಯದು ಅಂತ ಆಕೆಗೆ ಹೇಳಬೇಕಿರಲಿಲ್ಲ. ಮಾಸ್ತರ ಮಾತಿನಿಂದ ಉಳಿದದ್ದೂ ತಿಳಿಯಿತು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ನನ್ನನ್ನು ಬಯಲಿಗೆಳೆಯಲಿಕ್ಕೆ ಒಂದು ಮಾತು ಸಾಕಿತ್ತು ಆಕೆಗೆ.

“ತಪ್ಪಾಗೇತ್ರಿ ಮಾಸ್ತರ,” ಅಂದಳು. “ಕೂಡ್ರಿ. ಎರಡೂ ಬಿಚ್ಚಿ ಹೊಸಾದು ಸುತ್ತಿ ಕೊಡತೇನಿ.”

ನಾನು ಹೊಸದಾಗಿ ತರಿಸಿಟ್ಟಿದ್ದ ರೀಲು ತೆಗೆದುಕೊಂಡು ರಾಟಿಯ ಮುಂದೆ ಕೂತಳು. ಮಾಸ್ತರು ಮೊದಮೊದಲು ಸುಮ್ಮನೆ ನೋಡುತ್ತಿದ್ದರು. ಆಮೇಲೆ ಮುಂದಕ್ಕೆ ಬಾಗಿದರು. ಗಾಲಿ ತಿರುಗುತ್ತಿತ್ತು, ಸೀರೆಯ ಚೂರಿನೊಳಗಿಂದ ತಂತಿ ಹೊಳೆಯುತ್ತ ಹೋಗುತ್ತಿತ್ತು, ಎಲ್ಲೂ ತಡೆಯಲಿಲ್ಲ. ಅವರೂ ವಾದ್ಯದವರು, ಬೆರಳಿನ ಕೆಲಸ ಬಲ್ಲವರು. ಮೊದಲನೆಯ ಸುರುಳಿ ಮುಗಿಯುವಷ್ಟರಲ್ಲಿ ಅವರಿಗೆ ಎಲ್ಲ ಅರ್ಥವಾಗಿತ್ತು.

“ತಂಗಿ, ಎಷ್ಟು ವರ್ಷಾತು ಇದನ್ನ ಸುತ್ತಾಕತ್ತು?” ಮೆಲ್ಲಗೆ ಕೇಳಿದರು.

ಆಕೆ ಡಬ್ಬಿಯ ಅಂಕಿ ನೋಡುತ್ತಿದ್ದಳು. “ನಿಮ್ಮದ ಮೊದಲನೇದ್ರಿ,” ಅಂದಳು.

ಅದೂ ಸುಳ್ಳಲ್ಲ. ಮೊದಲು ಸುತ್ತಿದ್ದೂ ಮಾಸ್ತರ ಪಿಕಪ್ಪನ್ನೇ ತಾನೆ. ಮಾಸ್ತರು ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೋಡಿ, ಮತ್ತೆ ಆಕೆಯ ಕಡೆ ಹೊರಳಿದರು, ಅಷ್ಟೇ. ಹೊರಡುವಾಗ ಪಿಕಪ್ಪನ್ನು ಆಕೆಯ ಕೈಯಿಂದಲೇ ತೆಗೆದುಕೊಂಡು ನಮಸ್ಕಾರ ಮಾಡಿದರು. ಆ ದಿನದಿಂದ ಕೊಲ್ಲಾಪುರದವರು ಯಾರೇ ಬಂದರೂ “ಅಕ್ಕಾರ ಅದಾರೇನ್ರಿ?” ಅಂತಲೇ ಕೇಳುತ್ತಿದ್ದರು. ಹೇಳಿ ಕಳಿಸಿದವರು ಯಾರೆಂದು ಗೊತ್ತಿತ್ತು.

ಆಕೆ ನನಗೆ ಏನೂ ಅನ್ನಲಿಲ್ಲ. ಊಟಕ್ಕೆ ಬಡಿಸಿದಳು, ಅಂಗಡಿಗೆ ಬುತ್ತಿ ತಂದಳು. ಅಂದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ. ಅನ್ನಲಿಲ್ಲವೆಂದು ನಾನೂ ಸುಮ್ಮನಿದ್ದೆ, ಅದೇ ಅನುಕೂಲವೂ ಆಗಿತ್ತು.

ಮರುವರ್ಷ ಮಾಸ್ತರಿಗೆ ಬೇರೆಯವರ ಕಡೆಯಿಂದ ಮುಂಬೈಯ ಕೆಲಸ ಸಿಕ್ಕಿತು. ಅಲ್ಲಿಂದ ಆಕೆಯ ಹೆಸರಿಗೆ ಒಂದು ಕಾರ್ಡು ಬರೆದರು, ಮರಾಠಿಯಲ್ಲಿ. ಆಕೆಗೆ ಆ ಅಕ್ಷರ ಬರುತ್ತಿರಲಿಲ್ಲ, ನಾನೇ ಕನ್ನಡ ಮಾಡಿ ಓದಿ ಹೇಳಬೇಕು. ಪಿಕಪ್ಪು ಚೆನ್ನಾಗಿದೆ, ಇಲ್ಲಿಯವರು ಮೂಗಿನ ಮೇಲೆ ಬೆರಳಿಟ್ಟಿದ್ದಾರೆ, ಇನ್ನೆರಡು ಜೋಡಿ ಬೇಕು ಅಂತಿತ್ತು. ಕೊನೆಗೆ ಒಂದು ಸಾಲು: ಅಂದು ನೀವು ನಿಮ್ಮ ಯಜಮಾನರ ಮಾನ ಉಳಿಸಿದಿರಿ, ಅವರು ಆಮೇಲಾದರೂ ನಿಮ್ಮ ಮುಂದೆ ತಪ್ಪು ಒಪ್ಪಿಕೊಂಡರೇ?

ಆ ಸಾಲನ್ನು ನಾನು ಓದಲಿಲ್ಲ. “ಎಲ್ಲಾರಿಗೂ ನಮಸ್ಕಾರ ಅಂತ ಬರದಾರ,” ಅಂದೆ.

“ಹೌದಾ? ಎಲ್ಲಾ ಆರಾಮ ಐತಿ ಅಂತ ಬರೀರಿ ನೀವೂ,” ಅಂದಳು. ಹಾಗೇ ಬರೆದು ಹಾಕಿದೆ. ಅಲ್ಲಿ ಮಾಸ್ತರು ಅದನ್ನು ತಮ್ಮ ಪ್ರಶ್ನೆಗೆ ಆಕೆಯ ಉತ್ತರ ಅಂತ ಓದಿರಬೇಕು.

ಕಾರ್ಡುಗಳು ಮತ್ತೂ ಬಂದವು, ಆಮೇಲೆ ನಿಂತವು. ಈ ನಡುವೆ ಪಕ್ಕದ ಮನೆಯ ಸೊಸೆಯ ಹತ್ತಿರ ಆಕೆ ಮರಾಠಿ ಓದುವುದನ್ನು ಕಲಿಯುತ್ತಿದ್ದಳು. ನನಗೆ ಗೊತ್ತಿತ್ತು, ಆದರೆ ಅದರ ಅರ್ಥ ಹೊಳೆದಿರಲಿಲ್ಲ. ಒಂದು ದಿನ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದಾಗ, ಪಡಸಾಲೆಯಲ್ಲಿ ಕೂತು ಆ ಮೊದಲನೆಯ ಕಾರ್ಡಿನ ಅಕ್ಷರಗಳ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಬೆರಳು ಕೊನೆಯ ಸಾಲಿನ ಮೇಲಿತ್ತು.

“ತಪ್ಪಾತು,” ಅಂದೆ. ನಿಂತಲ್ಲೇ ಅಂದೆ, ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

ತಲೆಯೆತ್ತಿ ನೋಡಿದಳು. “ಯಾವುದ್ರಿ?”

ಚುಚ್ಚಲಿಕ್ಕೆ ಕೇಳಿದ್ದಲ್ಲ. ಯಾವುದರ ಮಾತು ಅಂತ ನಿಜವಾಗಿಯೇ ಕೇಳಿದಳು. ಕೂತು ಒಂದೊಂದಾಗಿ ಹೇಳಿದೆ. ನಾಟಕಗೃಹದಲ್ಲಿ ಆಡಿದ ಮಾತು, ಅಲ್ಲಿ ನಾನೂ ನಕ್ಕದ್ದು, ಬಸ್ಸಿನಲ್ಲಿ ಹೇಳಿದ ಸುಳ್ಳು, ಓದದೆ ಬಿಟ್ಟ ಸಾಲು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ನಕ್ಕ ಸಂಗತಿ ಆಕೆಗೆ ಗೊತ್ತಿರಲಿಲ್ಲ. ಅದನ್ನು ಹೇಳಿದಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿದಳು.

“ಮಾಸ್ತರಗೂ ಬರೀರಿ,” ಅಂದಳು ಆಮೇಲೆ. “ನಾ ಹೇಳೂದಿಲ್ಲ, ನೀವ ಬರೀರಿ. ಅವರ ಗಿಟಾರ ಮಂದಿ ಮುಂದ ಬಂದ್ ಆದದ್ದು ನಿಮ್ಮಿಂದ.”

ಮೂರು ಸಲ ಹರಿದು ಹಾಕಿ ನಾಲ್ಕನೆಯ ಸಲ ಬರೆದೆ. ಗೊತ್ತಿದ್ದೂ ಕೆಟ್ಟ ಸುರುಳಿ ಕೊಟ್ಟೆ ಅಂತ ಒಂದೇ ವಾಕ್ಯದಲ್ಲಿ ಬರೆಯಲಿಕ್ಕೆ ಅಷ್ಟು ಹೊತ್ತು ಹಿಡಿಯಿತು. ಟಪಾಲಿಗೆ ಹಾಕಿ ಬಂದೆ. ಮೂರು ವಾರದ ಮೇಲೆ ಆ ಕಾಗದ ಹಾಗೇ ತಿರುಗಿ ಬಂತು. ಆ ವಿಳಾಸದಲ್ಲಿ ಅವರು ಈಗ ಇಲ್ಲ ಅಂತ ಟಪಾಲಿನವರು ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಕೊಲ್ಲಾಪುರದಲ್ಲಿ ಗೊತ್ತಿದ್ದವರನ್ನೆಲ್ಲ ಕೇಳಿದೆ, ಯಾರಿಗೂ ಅವರ ಹೊಸ ಮನೆ ತಿಳಿದಿರಲಿಲ್ಲ. ಹೆಂಡತಿ ಲಕೋಟೆಯನ್ನು ತೆಗೆದುಕೊಂಡು, ಹಿಂದೆ ಮುಂದೆ ನೋಡಿ, ನನ್ನ ಕೈಗೇ ತಿರುಗಿ ಕೊಟ್ಟಳು.